ಕವಿತೆಯಿಂದ ಹುಡುಗರ ಹೊಡೆದಾಟ ನಿಲ್ಲುತ್ತದೆಯೇ?

ಕವಿತೆ ಓದಿಸಿದರೆ ಪೇಟೆಯ ಹುಡುಗರು ಹೊಡೆದಾಟ ಬಿಡುತ್ತಾರೆಯೇ ಎಂದು ಕೇಳಿದ್ದೀರಿ. ಶಾಂತಿಯ ಕವಿತೆ ಓದಿಸಿದರೆ ಬಿಡುವುದಿಲ್ಲ. ಕಾಸರಗೋಡಿನಲ್ಲಿ ಭಾನುವಾರ ಸಂಜೆ ಕೆಲವು ಹುಡುಗರಿಂದ ಬರೆಸುತ್ತೇನೆ. ಸೌಹಾರ್ದದ ಬಗ್ಗೆ ಬರೆಯಿರಿ ಎಂದರೆ ಶಾಲಾ ವಾರ್ಷಿಕೋತ್ಸವದ ಪ್ರಾಸ ಹೊಸೆದುಕೊಟ್ಟು ಎದ್ದು ಹೋಗುತ್ತಾರೆ.

ಕೆಲಸಕ್ಕೆ ಬಂದದ್ದು ತಾಳಮದ್ದಳೆಯ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಪಟ್ಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಇರುವುದರಿಂದ ಇಲ್ಲಿ ಅದನ್ನು ವಿವರಿಸಬೇಕಿಲ್ಲ: ವೇಷವಿಲ್ಲ, ಕುಣಿತವಿಲ್ಲ, ಹಾಡುವ ಭಾಗವತರ ಪದ ಮುಗಿದೊಡನೆ ಪಾತ್ರದ ಮಾತಾಡುವ ಅರ್ಥಧಾರಿ ಅಲ್ಲೇ ಮಾತು ಕಟ್ಟಬೇಕು. ಇಂದು ಕರ್ಣನ ಅರ್ಥ ಹೇಳಿದವರಿಗೆ ನಾಳೆ ಅರ್ಜುನನ ಪಾತ್ರ ಬರಬಹುದು. ಹುಡುಗರಿಗೂ ಅದನ್ನೇ ಒಡ್ಡುತ್ತೇನೆ. ನೀನು ಯಾರನ್ನು ಹೊಡೆಯಬೇಕು ಅಂದುಕೊಂಡಿದ್ದೀಯೋ ಅವನಾಗಿ, ‘ನಾನು’ ಎಂದು ಆರಂಭಿಸಿ ಬರೆ. ಬೈಗುಳ ಇದ್ದರೂ ಇರಲಿ. ಮೊದಲು ಬರುವುದು ಬರೀ ರಾಕ್ಷಸನ ಅಬ್ಬರ. ಅವನು ಬೆಳಿಗ್ಗೆ ಏನು ತಿಂದ, ಮನೆಯಲ್ಲಿ ಯಾರು ಬೈದರು ಎಂದು ಕೆದಕುತ್ತಾ ಹೋದರೆ ಅವನಿಗೂ ಗಲ್ಫಿನಲ್ಲಿರುವ ಅಪ್ಪ, ಕಟ್ಟದ ಸಾಲದ ಕಂತು ಹುಟ್ಟಿಕೊಳ್ಳುತ್ತವೆ. ತುಳು, ಮಲಯಾಳ, ಬ್ಯಾರಿ, ಯಾವ ಭಾಷೆಯಾದರೂ ಸರಿ. ಮೊಗ್ರಾಲಿನ ಹುಡುಗರು ಮಾಪ್ಪಿಳ ಮುಸ್ಲಿಮರ ಹಾಡಾದ ಮಾಪ್ಪಿಳಪ್ಪಾಟ್ಟಿನ ಇಶಲಿನಲ್ಲಿ, ಅಂದರೆ ಅದರ ಧಾಟಿಯಲ್ಲಿ, ಹಾಡಿಯೇ ತೋರಿಸುತ್ತಾರೆ. ನನ್ನ ಭಾಮಿನಿ ಷಟ್ಪದಿಗಿಂತ ಅದೇ ಚೆಂದ.

ನನ್ನ ಅನುಭವವನ್ನು ಮೊದಲ ದಿನವೇ ಹೇಳುವುದಿಲ್ಲ. ಗಲಭೆಯ ಒಂದು ಸಂಜೆ ಅಂಗಡಿಯ ಶಟರ್ ಎಳೆಯುತ್ತಿದ್ದಾಗ ಬಿದ್ದ ಏಟಿನಿಂದ ನನ್ನ ಎಡಗೈಯ ಎರಡು ಬೆರಳುಗಳು ಇಂದಿಗೂ ಮಡಚುವುದಿಲ್ಲ. ಹೇಳಿದಾಗಲೆಲ್ಲ ಬರುವ ಮೊದಲ ಪ್ರಶ್ನೆ, ‘ಅವರು ಯಾವ ಕಡೆಯವರು?’ ಅದಕ್ಕೆ ಉತ್ತರಿಸುವುದಿಲ್ಲ. ಉತ್ತರಿಸಿದರೆ ನನ್ನ ಕಥೆಯೇ ಒಂದು ಗುಂಪಿನ ಕೈಯಲ್ಲಿ ಕಲ್ಲಾಗುತ್ತದೆ. ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯುವ ಫಜೀತಿಯನ್ನು ಹೇಳುತ್ತೇನೆ. ನಗುತ್ತಾರೆ, ನಗಲಿ.

ಕವಿತೆಗೆ ಸಂಬಂಧವಿಲ್ಲದ ಒಂದು ಮಾತನ್ನೂ ಸೇರಿಸುತ್ತೇನೆ. ಐದು ಅಥವಾ ಹೆಚ್ಚು ಮಂದಿಯ ಅಕ್ರಮ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬ ಅಪರಾಧ ಮಾಡಿದರೂ ಕೂಟದಲ್ಲಿದ್ದವರೆಲ್ಲ ಹೊಣೆ. ಹಿಂದೆ ಅದು ದಂಡಸಂಹಿತೆಯ 149ನೆಯ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 190ನೆಯದು. ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿದ್ದರೆ 1967ರ ಕಾಯ್ದೆಯಂತೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಮನೆಗೊಬ್ಬರು ದುಬೈ ಕನಸು ಕಾಣುವ ಊರಿನಲ್ಲಿ ಇದು ಯಾವ ಪದ್ಯಕ್ಕಿಂತಲೂ ಬೇಗ ನಾಟುತ್ತದೆ.

ನೀವು ಆರಂಭಿಸುವುದಾದರೆ, ಬರೆದದ್ದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಲು ಬಿಡಬೇಡಿ. ಎದುರಾಳಿಯ ಬಾಯಿಂದ ಬರೆದ ನಾಲ್ಕು ಸಾಲು ಹಿಂದುಮುಂದಿಲ್ಲದೆ ಹೊರಗೆ ಹೋದರೆ ಅದಕ್ಕೇ ಹೊಸ ಜಗಳ ಹತ್ತಿಕೊಳ್ಳುತ್ತದೆ.