ಎರಡನ್ನೂ ಮೆಚ್ಚಬಹುದು

ಎಡಪಂಥೀಯರು ಬಯಸುವ ಭೂಸುಧಾರಣೆಯನ್ನೂ ಮಾರುಕಟ್ಟೆಗೆ ದಾರಿ ಬಿಟ್ಟ 1991ರ ಉದಾರೀಕರಣವನ್ನೂ ಒಟ್ಟಿಗೆ ಮೆಚ್ಚಿದರೆ ಗೊಂದಲ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ.

1974ರಲ್ಲಿ ದೇವರಾಜ ಅರಸು ಸರ್ಕಾರ ಗೇಣಿ ಪದ್ಧತಿಯನ್ನೇ ತೆಗೆಯಿತು. ಗೇಣಿದಾರರು ಭೂನ್ಯಾಯಮಂಡಳಿಗೆ ಅರ್ಜಿ ಹಾಕಿ, ತಾವು ಉಳುತ್ತಿದ್ದ ಜಮೀನಿಗೆ ಒಡೆಯರಾದರು. ಕರಾವಳಿಯಲ್ಲಿ ಇದರ ಫಲ ಜಾಸ್ತಿ. ಮಾರುಕಟ್ಟೆ ತಾನಾಗಿ ಇದನ್ನು ಮಾಡುತ್ತಿರಲಿಲ್ಲ.

ಆದರೆ ಕಾರ್ಖಾನೆ ಶುರು ಮಾಡಲು, ಉತ್ಪಾದನೆ ಹೆಚ್ಚಿಸಲು ದೆಹಲಿಯ ಲೈಸೆನ್ಸಿಗೆ ಕಾಯಬೇಕಿತ್ತಲ್ಲ, ಅದರಿಂದ ಬಡವರಿಗೇನು ಸಿಕ್ಕಿತು? ಆಗಲೇ ಬೇರೂರಿದ್ದ ಕಂಪನಿಗಳಿಗೆ ಪೈಪೋಟಿ ತಪ್ಪಿತು. 1991ರ ಜುಲೈನಲ್ಲಿ 18 ಉದ್ಯಮ ಬಿಟ್ಟು ಉಳಿದವಕ್ಕೆ ಈ ಲೈಸೆನ್ಸನ್ನು ತೆಗೆದದ್ದು ಸರಿ. ನೋಡಿ, ಎರಡೂ ಸಲ ಸಡಿಲವಾದದ್ದು ಕೆಲವರ ಹಿಡಿತವೇ.

ಸಣ್ಣ ರೈತರ ಸಾಲದ ಕಷ್ಟ ಮಾತ್ರ ಉದಾರೀಕರಣದಿಂದ ನೀಗಲಿಲ್ಲ. ಅಲ್ಲಿ ನಾನು ಮತ್ತೆ ಎಡಪಂಥೀಯರ ಮಾತಿಗೇ ಕಿವಿಗೊಡುತ್ತೇನೆ.