ಹಳೆಯ ಬಾಟಲಿ ಕತ್ತರಿಸಿ ಲೋಟ ಮಾಡಿದರೆ ಅದು ಸರ್ಕ್ಯುಲರ್ ಡಿಸೈನ್ ಆಗುತ್ತದೆಯೇ?

ಹುಬ್ಬಳ್ಳಿಯ ಗುಜರಿ ಅಂಗಡಿಗಳಿಂದ ತಂದ ಬಾಟಲಿಗಳನ್ನು ಕತ್ತರಿಸಿ ಲೋಟ, ಲ್ಯಾಂಪ್ ಮಾಡುವ ನಿಮ್ಮ ತಂಡದ ಸೆಮಿಸ್ಟರ್ ಪ್ರಾಜೆಕ್ಟು ಸರ್ಕ್ಯುಲರ್ ಡಿಸೈನ್, ಅಂದರೆ ವಸ್ತು ಕಸವಾಗದೆ ಮತ್ತೆ ಮತ್ತೆ ಬಳಕೆಗೆ ಬರುವಂತೆ ಮಾಡುವ ವಿನ್ಯಾಸ, ಎಂಬ ಹೆಸರಿಗೆ ತಕ್ಕುದೇ ಎಂದು ಕೇಳಿದ್ದೀರಿ. ಧಾರವಾಡದಲ್ಲಿ ವಿನ್ಯಾಸದ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನ್ನ ಅಭಿಪ್ರಾಯದಲ್ಲಿ, ಈಗಿರುವ ರೂಪದಲ್ಲಿ ಅಲ್ಲ. ಇಡಿಯಾದ ಬಾಟಲಿಯನ್ನು ತೊಳೆದು ಮತ್ತೆ ತುಂಬಿಸಬಹುದು. ಕತ್ತರಿಸಿದೊಡನೆ ಆ ದಾರಿ ಮುಚ್ಚುತ್ತದೆ. ಚೂರುಗಳನ್ನು ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಹುದುಗಿಸಿದರಂತೂ ಅವು ಕುಲುಮೆಗೂ ಬೇಡವಾಗುತ್ತವೆ.

ಗಾಜು ಎಷ್ಟು ಸಲ ಕರಗಿಸಿದರೂ ಗುಣ ಕೆಡದ ವಸ್ತು ಎಂಬುದು ನಿಜ. ಕಚ್ಚಾ ಮಿಶ್ರಣದಲ್ಲಿ ಚೂರಿನ ಪಾಲು ಶೇ 10ರಷ್ಟು ಹೆಚ್ಚಿದಾಗಲೆಲ್ಲ ಇಂಧನ ಉಳಿಯುವುದು ಮಾತ್ರ ಸುಮಾರು ಶೇ 2.5ರಿಂದ 3; ಕುಲುಮೆ ಹೇಗೂ 1500 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಉರಿಯಲೇಬೇಕು. ಮರಳಿ ತುಂಬಿಸುವುದಕ್ಕೆ ಬಿಸಿನೀರು, ಬ್ರಷ್ಷು ಸಾಕು. ಇದಕ್ಕೆ ನಮ್ಮ ಕಣ್ಣೆದುರಿನ ಮಾದರಿಯೆಂದರೆ ಗೋಲಿ ಸೋಡಾ. ಇಂಗ್ಲೆಂಡಿನ ಹೈರಂ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಆ ಬಾಟಲಿಗೆ ಮುಚ್ಚಳ ಒಳಗೇ ಇದೆ. ಅಂಗಡಿಯ ಮುಂದೆ ನಿಂತು ಕುಡಿದು ಹಿಂದಿರುಗಿಸುವುದು ರೂಢಿಯಾದ್ದರಿಂದ ಅದು ಕಸದ ಬುಟ್ಟಿ ಸೇರುವುದೇ ಅಪರೂಪ. ಕಿರಿದಾದ ಕತ್ತನ್ನು ತೊಳೆಯುವುದು ಕಷ್ಟ ಎಂಬುದೊಂದೇ ಅದರ ದೋಷ, ಮತ್ತು ಅದು ಸಣ್ಣ ದೋಷವಲ್ಲ.

ಆದ್ದರಿಂದ ಗಾಣದ ಎಣ್ಣೆ ಮಾರುವ ಅಂಗಡಿಗಾಗಿ ಶೇಂಗಾ, ಕುಸುಬಿ ಎಣ್ಣೆಯ ಬಾಟಲಿಯೊಂದನ್ನು ವಿನ್ಯಾಸ ಮಾಡಿರಿ ಎಂಬುದು ನನ್ನ ಸಲಹೆ. ಬೆಳಕಿಗೆ ಎಣ್ಣೆ, ಅದರಲ್ಲೂ ಕುಸುಬಿ ಎಣ್ಣೆ, ಬೇಗ ಕಮಟುವುದರಿಂದ ಕಂದು ಗಾಜು ಬೇಕು. ಬ್ರಷ್ಷು ಹೋಗುವಷ್ಟು ಅಗಲವಾದ ಬಾಯಿ, ಅಂಟಿನ ಲೇಬಲ್ಲಿಗೆ ಬದಲು ಗಾಜಿನಲ್ಲೇ ಉಬ್ಬಿದ ಅಕ್ಷರ, ಬಿಡಿಯಾಗಿ ಬದಲಿಸಬಹುದಾದ ಮುಚ್ಚಳ, ಜೊತೆಗೆ ಗಿರಾಕಿ ಮರಳಿ ತರುವಂತೆ ಡಿಪಾಸಿಟ್ಟು. ಗಾಜು ಭಾರದ ವಸ್ತು. ದೂರ ಸಾಗಿಸಿದರೆ ಲಾಭ ಡೀಸೆಲ್ಲಿಗೆ ಹೋಗುತ್ತದೆ, ಹಾಗಾಗಿ ಯೋಜನೆ ಅವಳಿನಗರದೊಳಗೇ ಇರಲಿ.

ಕಾರ್ಯಾಗಾರದಲ್ಲಿ ಗಾಜು ಕರಗಿಸುವುದಿದ್ದರೆ ಬಾಟಲಿಯ ಗಾಜಿನೊಂದಿಗೆ ಪ್ರಯೋಗಾಲಯದ ಬೊರೊಸಿಲಿಕೇಟ್ ಗಾಜನ್ನು ಬೆರೆಸಬೇಡಿ: ಬಿಸಿಗೆ ಮೊದಲನೆಯದು ಎರಡನೆಯದರ ಎರಡೂವರೆ ಪಟ್ಟಿಗೂ ಹೆಚ್ಚು ಹಿಗ್ಗುವುದರಿಂದ ಆರುವಾಗ ಸೀಳುತ್ತದೆ. ಅಂಚು ಉಜ್ಜುವಾಗ ನೀರು ಹರಿಯುತ್ತಿರಲಿ, ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು.

ಮೊದಲ ಮಾದರಿ ಹೊಸದಾಗಿಯೇ ಬೇಕಿಲ್ಲ. ಗುಜರಿಯಲ್ಲಿ ಸಿಗುವ ಬೇರೆ ಬೇರೆ ಆಕಾರದ ಬಾಟಲಿಗಳಿಗೆ ಎಣ್ಣೆ ತುಂಬಿ, ಕೆಲವು ವಾರ ಬಿಟ್ಟು, ಮನೆಯಲ್ಲಿ ತೊಳೆಯುವವರ ಕೈಗೆ ಕೊಟ್ಟು, ತಳದ ಯಾವ ಮೂಲೆಯಲ್ಲಿ ಜಿಡ್ಡು ಉಳಿಯುತ್ತದೆ ಎಂದು ಗುರುತು ಹಾಕಿಕೊಂಡ ಮೇಲೆ ರೇಖಾಚಿತ್ರಕ್ಕೆ ಕೂರಿರಿ.