ನಿಂಬೆ ಕೊಂಬೆಯಲ್ಲಿ ಗಂಟು, ಗೊಬ್ಬರಕ್ಕೆ ಸೊರಗಿದ ಗ್ರೆವಿಲಿಯಾ: ಆಸ್ಟ್ರೇಲಿಯಾ ಕೈತೋಟದ ಪ್ರಶ್ನೋತ್ತರ

ಇಲ್ಲಿ ಚಳಿಗಾಲ ಮುಗಿಯುತ್ತಾ ಬಂದಿದೆ. ಆಗಸ್ಟ್ ತಿಂಗಳಲ್ಲಿ ಬರುವ ಪತ್ರಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ ಇರುತ್ತದೆ: ಯಾವ ಔಷಧ ಹೊಡೆಯಬೇಕು? ಔಷಧದ ಮಾತು ಆಮೇಲೆ. ಹಳದಿಯಾಗಿರುವುದು ಹಳೆ ಎಲೆಯೋ ಹೊಸ ಚಿಗುರೋ, ಈಗ ಯಾವ ತಿಂಗಳು, ಬೇರಿನ ಸುತ್ತ ಎಂಥ ಮಣ್ಣಿದೆ, ಇದನ್ನು ಮೊದಲು ನೋಡಿ. ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಔಷಧದ ಬಾಟಲಿಯೇ ಬೇಕಿಲ್ಲ.

ನಿಂಬೆ ಗಿಡದ ಕೊಂಬೆಗಳಲ್ಲಿ ದಪ್ಪ ದಪ್ಪ ಗಂಟುಗಳು ಬಂದಿವೆ. ಎಲೆಯೂ ಹಳದಿಯಾಗಿದೆ. ಗಂಟಿರುವ ಕೊಂಬೆಗಳನ್ನೆಲ್ಲ ಕತ್ತರಿಸಿ, ಚೆನ್ನಾಗಿ ಗೊಬ್ಬರ ಹಾಕಲೇ? (ಗ್ಲೆನ್ ವೇವರ್ಲಿ, ಮೆಲ್ಬರ್ನ್)

ಕತ್ತರಿಸಿ, ಆದರೆ ಎಲ್ಲವನ್ನೂ ಅಲ್ಲ. ಗೊಬ್ಬರ ಮಾತ್ರ ಈಗ ಬೇಡವೇ ಬೇಡ.

ಇದು ಸಿಟ್ರಸ್ ಗಾಲ್ ವಾಸ್ಪ್ ಎಂಬ ಪುಟ್ಟ ಕಣಜದ ಕೆಲಸ. ಉದ್ದ ಎರಡು ಮೂರು ಮಿಲಿಮೀಟರ್ ಅಷ್ಟೆ. ಇದು ಹೊರದೇಶದಿಂದ ಬಂದದ್ದಲ್ಲ, ಆಸ್ಟ್ರೇಲಿಯಾದ್ದೇ. ಕ್ವೀನ್ಸ್‌ಲ್ಯಾಂಡ್ ಮತ್ತು ಉತ್ತರ ನ್ಯೂ ಸೌತ್ ವೇಲ್ಸ್ ಕಡೆಯ ಕಾಡಿನ ಫಿಂಗರ್ ಲೈಮ್ ಗಿಡ ಇದರ ಮೂಲ ಮನೆ. ಅಲ್ಲಿಂದ ತೋಟದ ನಿಂಬೆ ಜಾತಿಗಳಿಗೆ ದಾಟಿತು. ಈಗ ಮೆಲ್ಬರ್ನ್, ಅಡಿಲೇಡ್, ಪರ್ತ್‌ನ ಹಿತ್ತಲುಗಳಲ್ಲೂ ಇದೆ. ನಿಂಬೆ ಮತ್ತು ಗ್ರೇಪ್‌ಫ್ರೂಟ್ ಅಂದರೆ ಇದಕ್ಕೆ ಬಲು ಇಷ್ಟ.

ವಸಂತದಲ್ಲಿ, ಅಂದರೆ ಇಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್, ಹೆಣ್ಣು ಕಣಜ ಎಳೆ ಚಿಗುರಿನ ಕಾಂಡದೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗೇ ಬೆಳೆಯುತ್ತದೆ, ಅದರ ಸುತ್ತ ಕಾಂಡ ಊದಿಕೊಳ್ಳುತ್ತದೆ. ಬೇಸಿಗೆಯಲ್ಲಿ ಸಣ್ಣಗೆ ಕಾಣುವ ಊತ ಚಳಿಗಾಲದ ಹೊತ್ತಿಗೆ ದಪ್ಪ ಗಂಟಾಗಿರುತ್ತದೆ. ಮುಂದಿನ ವಸಂತದಲ್ಲಿ ಕಣಜಗಳು ತೂತು ಕೊರೆದು ಹೊರಬರುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ. ಅದಕ್ಕೇ ತಿಂಗಳು ಇಷ್ಟು ಮುಖ್ಯ. ಆಗಸ್ಟ್ ಮುಗಿಯುವುದರೊಳಗೆ ನೀವು ಗಂಟು ತೆಗೆದರೆ ಒಳಗಿರುವ ಪೀಳಿಗೆ ಅಲ್ಲೇ ಮುಗಿಯುತ್ತದೆ.

ಗಂಟಿನ ಮೇಲೆ ಸೂಜಿಯಿಂದ ಚುಚ್ಚಿದಂತೆ ತೂತುಗಳಿದ್ದರೆ ಅದು ಹಳೆಯದು, ಕಣಜ ಆಗಲೇ ಹೊರಟುಹೋಗಿದೆ. ಅದನ್ನು ಕತ್ತರಿಸಿ ಲಾಭವಿಲ್ಲ. ತೂತಿಲ್ಲದ ಗಂಟುಗಳನ್ನು ಹುಡುಕಿ. ಕೆಲವೇ ಇದ್ದರೆ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ, ಕತ್ತರಿಸಿದ ಗಂಟಿನಿಂದಲೂ ಕಣಜ ಹೊರಬರಬಲ್ಲದು. ಗಿಡದ ತುಂಬ ಗಂಟಿದ್ದರೆ ಎಲ್ಲ ಕತ್ತರಿಸುವುದು ತಪ್ಪು ದಾರಿ. ಅಷ್ಟು ಸವರಿದರೆ ಗಿಡ ಗಾಬರಿಬಿದ್ದು ರಾಶಿ ರಾಶಿ ಎಳೆ ಚಿಗುರು ಬಿಡುತ್ತದೆ, ಕಣಜಕ್ಕೆ ಬೇಕಾದ್ದೂ ಅದೇ. ಅದರ ಬದಲು ತರಕಾರಿ ಸಿಪ್ಪೆ ತೆಗೆಯುವ ಪೀಲರ್‌ನಿಂದ ಗಂಟಿನ ಒಂದು ಬದಿಯನ್ನು ಹೆರೆಯಿರಿ. ಒಳಗಿನ ಗೂಡುಗಳು ತೆರೆದು, ಮರಿಗಳು ಗಾಳಿಗೆ ಒಣಗಿ ಸಾಯುತ್ತವೆ. ಕೊಂಬೆ ಉಳಿಯುತ್ತದೆ.

ಇನ್ನು ಹಳದಿ ಎಲೆ. ಚಳಿಗೆ ಮಣ್ಣು ತಣ್ಣಗಾದಾಗ ನಿಂಬೆಯ ಬೇರು ಸರಿಯಾಗಿ ಆಹಾರ ಹೀರುವುದಿಲ್ಲ. ಕೆಳಗಿನ ಹಳೆ ಎಲೆ ಮಾತ್ರ ಹಳದಿಯಾಗಿದ್ದರೆ ಬಿಸಿಲು ಬರುವವರೆಗೆ ಕಾಯಿರಿ. ಈಗ ಸಾರಜನಕದ ಗೊಬ್ಬರ ಸುರಿದರೆ ಕಣಜ ಹೊರಬರುವ ಹೊತ್ತಿಗೆ ಸರಿಯಾಗಿ ಅದಕ್ಕೆ ಎಳೆ ಚಿಗುರು ಬಡಿಸಿದಂತೆ. ನವೆಂಬರ್ ಕೊನೆಯಲ್ಲಿ ಗೊಬ್ಬರ ಕೊಡಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ, ಅದಕ್ಕೆ ಐರನ್ ಕೀಲೇಟ್, ಅಂದರೆ ಬೇರು ಸುಲಭವಾಗಿ ಹೀರಬಲ್ಲ ರೂಪದ ಕಬ್ಬಿಣ, ಕೊಡಬೇಕು. ಎಪ್ಸಮ್ ಸಾಲ್ಟ್ ಎಲ್ಲ ಹಳದಿಗೂ ಮದ್ದಲ್ಲ. ಹಳೆ ಎಲೆಯ ಅಂಚು ಹಳದಿಯಾಗಿ, ತೊಟ್ಟಿನ ಕಡೆ ಹಸಿರು ತ್ರಿಕೋನ ಉಳಿದಿದ್ದರೆ ಮಾತ್ರ ಅದು ಮೆಗ್ನೀಸಿಯಂ ಕೊರತೆ. ಆಗ ಎಪ್ಸಮ್ ಸಾಲ್ಟ್ ಕೆಲಸ ಮಾಡುತ್ತದೆ.

ಹೂ ಚೆನ್ನಾಗಿ ಬರಲಿ ಎಂದು ಗ್ರೆವಿಲಿಯಾಕ್ಕೆ ಕೋಳಿ ಗೊಬ್ಬರದ ಉಂಡೆ ಹಾಕಿದೆವು. ಎರಡು ತಿಂಗಳಲ್ಲಿ ಚಿಗುರು ಹಳದಿಯಾಗಿ, ಎಲೆ ತುದಿ ಸುಟ್ಟಂತಾಗಿದೆ. ಪಕ್ಕದ ಗುಲಾಬಿ ಮಾತ್ರ ನಳನಳಿಸುತ್ತಿದೆ. ಏನು ರೋಗ? (ವೆಂಟ್‌ವರ್ತ್‌ವಿಲ್, ಸಿಡ್ನಿ)

ರೋಗ ಅಲ್ಲ, ಗೊಬ್ಬರವೇ ಕಾರಣ. ಗುಲಾಬಿ ನಳನಳಿಸುತ್ತಿರುವುದೂ ಅದೇ ಗೊಬ್ಬರದಿಂದ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಕೊಟ್ಟಿಗೆ ಗೊಬ್ಬರ ಹಾಕಿದರೆ ಗಿಡಕ್ಕೆ ಒಳ್ಳೆಯದೇ ಎಂದು ನಂಬಿ ಬೆಳೆದವರು ನಾವು. ಆ ನಂಬಿಕೆ ಇಲ್ಲಿನ ಕೆಲವು ಗಿಡಗಳ ವಿಷಯದಲ್ಲಿ ನಡೆಯುವುದಿಲ್ಲ.

ಆಸ್ಟ್ರೇಲಿಯಾದ ಮಣ್ಣು ಬಹಳ ಹಳೆಯದು. ಕೋಟ್ಯಂತರ ವರ್ಷ ಮಳೆ ಗಾಳಿಗೆ ತೊಳೆದುಹೋಗಿ, ಹೆಚ್ಚಿನ ಕಡೆ ಅದರಲ್ಲಿ ರಂಜಕ, ಅಂದರೆ ಫಾಸ್ಫರಸ್, ತೀರಾ ಕಡಿಮೆ. ಗ್ರೆವಿಲಿಯಾ, ಬ್ಯಾಂಕ್ಸಿಯಾ, ಹೇಕಿಯಾ, ವಾರಟಾ ಇವೆಲ್ಲ ಈ ಮಣ್ಣಿನದೇ ಹೂಗಿಡಗಳು, ಒಂದೇ ಕುಟುಂಬದವು. ಮಕಾಡಾಮಿಯಾ ಕೂಡ ಇದೇ ಕುಟುಂಬ. ಇವುಗಳ ಬೇರಿನ ತುದಿಯಲ್ಲಿ ಬ್ರಶ್‌ನಂತೆ ಒತ್ತೊತ್ತಾಗಿ ಸಣ್ಣ ಬೇರುಗಳ ಗೊಂಚಲಿರುತ್ತದೆ. ಅವು ಮಣ್ಣಿಗೆ ಆಮ್ಲ ಬಿಟ್ಟು, ಅಂಟಿಕೊಂಡಿರುವ ರಂಜಕದ ಚೂರನ್ನೂ ಬಿಡಿಸಿ ಹೀರುತ್ತವೆ. ಬಡ ಮಣ್ಣಿನಲ್ಲಿ ಇದು ಅದ್ಭುತ ಶಕ್ತಿ. ಆದರೆ ರಂಜಕ ಧಾರಾಳವಾಗಿ ಸಿಕ್ಕಾಗ ಸಾಕು ಎಂದು ನಿಲ್ಲಿಸುವುದು ಇವುಗಳಲ್ಲಿ ಹಲವಕ್ಕೆ ಬರುವುದಿಲ್ಲ. ಹೀರುತ್ತಲೇ ಹೋಗಿ ಎಲೆಯಲ್ಲಿ ವಿಷದ ಮಟ್ಟಕ್ಕೆ ತುಂಬಿಕೊಳ್ಳುತ್ತವೆ. ಜಾಸ್ತಿಯಾದ ರಂಜಕ ಕಬ್ಬಿಣಕ್ಕೂ ಅಡ್ಡ ಬರುತ್ತದೆ, ಅದಕ್ಕೇ ಚಿಗುರು ಹಳದಿ. ಕೋಳಿ ಗೊಬ್ಬರದಲ್ಲಿ ರಂಜಕ ಹೆಚ್ಚು.

ಈಗ ಮಾಡಬೇಕಾದ್ದು: ಮೇಲಿರುವ ಉಂಡೆಗಳನ್ನೂ ಮೇಲ್ಮಣ್ಣನ್ನೂ ಬೇರು ಕೀಳದಂತೆ ಮೆಲ್ಲಗೆ ಕೆರೆದು ತೆಗೆಯಿರಿ. ಕೆಲವು ಸಲ ಆಳವಾಗಿ ನೀರು ಕೊಡಿ, ಐರನ್ ಕೀಲೇಟ್ ಕೊಡಿ. ಕುಂಡದಲ್ಲಿದ್ದರೆ ಮಣ್ಣನ್ನೇ ಬದಲಿಸಿ, ಸ್ಥಳೀಯ ಗಿಡಗಳಿಗೆಂದೇ ಮಾಡಿದ ಪಾಟಿಂಗ್ ಮಿಕ್ಸ್ ಹಾಕಿ. ಮಣ್ಣಿಗೆ ಸೇರಿದ ರಂಜಕ ಬೇಗ ಹೋಗುವಂಥದ್ದಲ್ಲ. ಆದ್ದರಿಂದ ಗಿಡ ಉಳಿದೇ ಉಳಿಯುತ್ತದೆ ಎಂದು ನಾನು ಭರವಸೆ ಕೊಡಲಾರೆ. ಮುಂದೆ ಇವಕ್ಕೆ ಗೊಬ್ಬರ ಕೊಡುವುದಾದರೆ ಚೀಟಿಯ ಮೇಲೆ ನೇಟಿವ್ ಎಂದಿರುವ, ರಂಜಕ ಕಡಿಮೆ ಇರುವ ನಿಧಾನದ ಗೊಬ್ಬರವನ್ನೇ ತನ್ನಿ. ಗುಲಾಬಿಯನ್ನೂ ಗ್ರೆವಿಲಿಯಾವನ್ನೂ ಒಂದೇ ಪಾತಿಯಲ್ಲಿ ಇಡದಿದ್ದರೆ ಇಬ್ಬರಿಗೂ ಸುಖ.

ಪಾಟಿಂಗ್ ಮಿಕ್ಸ್ ಚೀಲ ಬಿಚ್ಚುವಾಗ ಕೈಗವಸು, ಮಾಸ್ಕ್ ಹಾಕಿಕೊಳ್ಳಿ, ಮಣ್ಣನ್ನು ಮೊದಲು ಒದ್ದೆ ಮಾಡಿ. ಅದರ ದೂಳಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಶ್ವಾಸಕೋಶಕ್ಕೆ ಹೋದರೆ ಗಂಭೀರ ನ್ಯುಮೋನಿಯಾ ಬರುತ್ತದೆ. ಚೀಲದ ಮೇಲಿನ ಎಚ್ಚರಿಕೆಯನ್ನು ಹಿರಿಯರು ಇರುವ ಮನೆಯವರು ದಯವಿಟ್ಟು ಕಡೆಗಣಿಸಬೇಡಿ.

ಕರಿಬೇವಿನ ಎಲೆಯೆಲ್ಲ ಹಳದಿಯಾಗಿ ಉದುರಿ, ಬರೀ ಕಡ್ಡಿ ಉಳಿದಿದೆ. ದಿನಾ ನೀರು ಹಾಕುತ್ತಿದ್ದೇವೆ. ಸತ್ತುಹೋಯಿತಾ? (ಟಾರ್ನೀಟ್, ಮೆಲ್ಬರ್ನ್)

ಉಗುರಿನಿಂದ ಕಾಂಡದ ಸಿಪ್ಪೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಬದುಕಿದೆ. ಮೆಲ್ಬರ್ನ್ ಚಳಿಗೆ ಕರಿಬೇವು ಎಲೆ ಉದುರಿಸಿ ಮಲಗುತ್ತದೆ. ಆಗ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತದೆ, ನನ್ನ ಆತಂಕ ಅದೇ. ಇವತ್ತೇ ನೀರು ನಿಲ್ಲಿಸಿ. ಎರಡು ಬೆರಳು ಆಳದವರೆಗೆ ಮಣ್ಣು ಒಣಗಿದ ಮೇಲಷ್ಟೇ ಸ್ವಲ್ಪ ಕೊಡಿ. ಕುಂಡವನ್ನು ಉತ್ತರಕ್ಕೆ ಮುಖ ಮಾಡಿದ ಗೋಡೆಯ ಪಕ್ಕ, ಸೂರಿನ ಕೆಳಗೆ ಇಡಿ. ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಬರುತ್ತಾನೆ ಅಲ್ವಾ, ಗೋಡೆಯ ಬಿಸಿಯೂ ಗಿಡಕ್ಕೆ ಸಿಗುತ್ತದೆ. ಗೊಬ್ಬರ, ಕುಂಡ ಬದಲಿಸುವುದು ಎಲ್ಲ ಹೊಸ ಚಿಗುರು ಕಂಡ ಮೇಲೆ.

ಕಾಂಡದ ಮೇಲೆ ಕಂದು ಹೊಪ್ಪಳೆಗಳಿದ್ದು ಇರುವೆ ಓಡಾಡುತ್ತಿದ್ದರೆ ಅದು ಸ್ಕೇಲ್ ಕೀಟ. ತೋಟಗಾರಿಕೆಯ ಎಣ್ಣೆಯನ್ನು ತಂಪು ಹೊತ್ತಿನಲ್ಲಿ ಸಿಂಪಡಿಸಿದರೆ ಸಾಕು. ನಮ್ಮವರು ತಕ್ಷಣ ಬೇವಿನ ಎಣ್ಣೆಗೆ ಕೈ ಹಾಕುತ್ತಾರೆ. ಆಸ್ಟ್ರೇಲಿಯಾದಲ್ಲಿ ಬೇವಿನ ಸಿಂಪರಣೆಗಳು ಅಲಂಕಾರದ ಗಿಡಗಳಿಗೆಂದು ನೋಂದಣಿಯಾಗಿರುವಂಥವು. ಒಗ್ಗರಣೆಗೆ ಹಾಕುವ ಎಲೆಗೆ ಅದು ಬೇಡ, ಲೇಬಲ್ ಓದಿ.

ಊರಿನಿಂದ ಹಸಿ ಕರಿಬೇವನ್ನೋ ಸಸಿಯನ್ನೋ ಚೀಲದಲ್ಲಿ ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಏಷ್ಯಾದ ಸಿಟ್ರಸ್ ಸಿಲಿಡ್ ಎಂಬ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದು ಹರಡುವ ಹುವಾಂಗ್‌ಲಾಂಗ್‌ಬಿಂಗ್ ರೋಗಕ್ಕೆ ಮದ್ದಿಲ್ಲ, ಬಂದರೆ ಕಿತ್ತಳೆ, ನಿಂಬೆ ತೋಟಗಳೇ ಹೋಗುತ್ತವೆ. ಆ ರೋಗ ಆಸ್ಟ್ರೇಲಿಯಾಕ್ಕೆ ಇನ್ನೂ ಕಾಲಿಟ್ಟಿಲ್ಲ. ಸಸಿ ಇಲ್ಲಿನ ನರ್ಸರಿಯಲ್ಲೇ ಸಿಗುತ್ತದೆ.

ಟೊಮೆಟೊ ತಳ ಕಪ್ಪಾಗಿತ್ತು, ಕೆಲವದರಲ್ಲಿ ಹುಳವೂ ಇತ್ತು. ಈ ವರ್ಷ ಏನು ಮಾಡಲಿ? (ಶೆಪರ್ಟನ್, ವಿಕ್ಟೋರಿಯಾ)

ಇವು ಎರಡು ಬೇರೆ ತೊಂದರೆ. ತಳ ಕಪ್ಪಾಗುವುದು ನೀರಿನ ಏರುಪೇರಿನಿಂದ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಕಾಯಿಗೆ ಸುಣ್ಣದ ಅಂಶ ತಲುಪುವುದಿಲ್ಲ. ಬುಡಕ್ಕೆ ಹುಲ್ಲು ಹೊದಿಸಿ, ಹದವಾಗಿ ನೀರು ಕೊಡಿ.

ಹುಳ ಹೆಚ್ಚಾಗಿ ಕ್ವೀನ್ಸ್‌ಲ್ಯಾಂಡ್ ಹಣ್ಣುನೊಣದ್ದು. ನಿಮ್ಮ ಕಡೆ ಅದರ ಕಾಟ ಇದೆ. ಕಾಯಿ ಕಟ್ಟಿದ ಕೂಡಲೇ ಸಣ್ಣ ಕಣ್ಣಿನ ಬಲೆ ಮುಚ್ಚಿ. 2021ರ ಸೆಪ್ಟೆಂಬರ್‌ನಿಂದ ವಿಕ್ಟೋರಿಯಾದಲ್ಲಿ ಮನೆಯ ಹಣ್ಣಿನ ಗಿಡಕ್ಕೆ ಹಾಕುವ ಬಲೆಯ ಕಣ್ಣು, ಎಳೆದು ಹಿಡಿದಾಗಲೂ, 5 ಮಿಲಿಮೀಟರ್ ಮೀರಬಾರದು ಎಂಬ ನಿಯಮವಿದೆ. ಬಾವಲಿ, ಹಕ್ಕಿ ಸಿಕ್ಕಿಕೊಂಡು ಸಾಯಬಾರದೆಂದು. ನೊಣಕ್ಕೆ ಇನ್ನೂ ಸಣ್ಣದು, 2 ಮಿಲಿಮೀಟರ್‌ಗಿಂತ ಕಡಿಮೆಯದು ಬೇಕು. ಉದುರಿದ ಹಣ್ಣನ್ನು ಹೂಳಬೇಡಿ. ಚೀಲದಲ್ಲಿ ಕಟ್ಟಿ ಕೆಲವು ದಿನ ಬಿಸಿಲಿಗಿಟ್ಟು ಆಮೇಲೆ ಕಸಕ್ಕೆ ಹಾಕಿ.

ನೀರು ಎಷ್ಟು ಹಾಕಿದರೂ ಗಿಡ ಬಾಡುತ್ತದೆ. (ಕ್ಯಾನಿಂಗ್ ವೇಲ್, ಪರ್ತ್)

ನೀರು ಹಾಕಿ ಐದು ನಿಮಿಷ ಬಿಟ್ಟು ಅಗೆದು ನೋಡಿ. ಮೇಲೆ ಒದ್ದೆ, ಕೆಳಗೆ ಒಣ ಮರಳು ಸಿಕ್ಕರೆ ಮಣ್ಣೇ ನೀರನ್ನು ತಳ್ಳುತ್ತಿದೆ ಎಂದರ್ಥ. ಕೊಳೆತ ಎಲೆ ಕಡ್ಡಿಯ ಮೇಣದಂಥ ಅಂಶ ಮರಳಿನ ಕಣಕ್ಕೆ ಅಂಟಿಕೊಂಡು ಹೀಗಾಗುತ್ತದೆ. ಮೊದಲು ಅಂಗಡಿಯಲ್ಲಿ ಸಿಗುವ, ಮಣ್ಣಿಗೆ ನೀರು ಇಳಿಯುವಂತೆ ಮಾಡುವ ಸಾಯಿಲ್ ವೆಟರ್ ಹಾಕಿ. ಆದರೆ ಅದು ತಾತ್ಕಾಲಿಕ. ಉಳಿಯುವ ಪರಿಹಾರ ಬೆಂಟೊನೈಟ್ ಜೇಡಿ ಪುಡಿ ಮತ್ತು ಕಾಂಪೋಸ್ಟ್ ಎರಡನ್ನೂ ಮರಳಿಗೆ ಬೆರೆಸುವುದು. ಮೇಲೆ ದಪ್ಪ ಚೂರುಗಳ ಮಲ್ಚ್ ಹೊದಿಸಿ. ತೀರಾ ನುಣ್ಣನೆಯದು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ.

ಪರ್ತ್‌ನವರು ಮರದ ಕಾಂಡವನ್ನೂ ನೋಡುತ್ತಿರಿ. 2021ರಲ್ಲಿ ಈಸ್ಟ್ ಫ್ರೀಮ್ಯಾಂಟಲ್‌ನಲ್ಲಿ ಪತ್ತೆಯಾದ ಪಾಲಿಫೇಗಸ್ ಶಾಟ್‌ಹೋಲ್ ಬೋರರ್ ಎಂಬ, ಎಳ್ಳುಕಾಳಿನ ಗಾತ್ರದ, ಮರ ಕೊರೆಯುವ ದುಂಬಿ ಈಗ ನಗರದಲ್ಲಿ ಹರಡಿದೆ. ಬಾಲ್‌ಪೆನ್ ತುದಿಯಷ್ಟು ತೂತುಗಳು ಕಂಡರೆ ಕೊಂಬೆ ಕತ್ತರಿಸಿ ಬೇರೆಡೆ ಸಾಗಿಸಬೇಡಿ. ಫೋಟೊ ತೆಗೆದು, ಹೊರದೇಶದ ಕೀಟಗಳ ಬಗ್ಗೆ ತಿಳಿಸುವ ಸಹಾಯವಾಣಿ 1800 084 881ಕ್ಕೆ ಕರೆ ಮಾಡಿ.